ಗಾಳಿ ಬೀಸುವ ಸೀಟು

“ಸೀಟು ನೋಡಿ ಕಾರು ತಗೊಳ್ಳಾಂವ ವ್ಯವಹಾರಸ್ಥನ ಅಲ್ಲ!”

ಹೋದ ದೀಪಾವಳಿಯ ಪಾಡ್ಯದ ದಿನ, ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಒಂದು ಕೈಯಲ್ಲಿ ಕರ್ಚಿಕಾಯಿ, ಇನ್ನೊಂದರಲ್ಲಿ ಎಲೆಕ್ಟ್ರಿಕ್ ಕಾರಿನ ಬಣ್ಣಬಣ್ಣದ ಪುಸ್ತಿಕೆ ಹಿಡಿದು ನಾನು ಮೊಳಗಿಸಿದ ಘೋಷಣೆ ಇದು. ಕೇಳಲು ನೆರೆದಿದ್ದ ಮಹಾಜನತೆ ಎಂದರೆ ನನ್ನ ಹೆಂಡತಿ ಮೀನಾಕ್ಷಿ ಒಬ್ಬಳೇ. ಆಕೆ ಬಟ್ಟೆ ಮಡಚುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

“ಮತ್ತ ಏನ್ ನೋಡಿ ತಗೊಂತೀರಿ?”

“ಬ್ಯಾಟರಿ! ಮೋಟಾರು! ಒಂದ್ಸಲ ಚಾರ್ಜ್ ಮಾಡಿದ್ರ ಎಷ್ಟು ದೂರ ಓಡತೈತಿ ಅನ್ನೋದು!”

“ಕುಂದ್ರೋದು ಬ್ಯಾಟರಿ ಮ್ಯಾಲೇನ್ರಿ?”

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ. ಏಕೆಂದರೆ ನಾನು ಪ್ರಭುಲಿಂಗ. ಕೌಲ್ ಬಜಾರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಜೀನ್ಸ್ ಹೊಲಿಸುವ ಯೂನಿಟ್ ನಡೆಸುತ್ತಿದ್ದೇನೆ. ಜನ ಪ್ಯಾಂಟನ್ನು ಹೇಗೆ ಕೊಳ್ಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಬಟ್ಟೆಯ ದಪ್ಪ ನೋಡುವುದಿಲ್ಲ, ಹೊಲಿಗೆ ಎಳೆದು ನೋಡುವುದಿಲ್ಲ. ಹಿಂದಿನ ಜೇಬಿನ ಮೇಲೆ ಒಂದು ಹಿತ್ತಾಳೆ ಗುಂಡಿ ಫಳ್ ಎಂದರೆ ಸಾಕು, “ಪ್ಯಾಕ್ ಮಾಡ್ರಿ” ಅನ್ನುತ್ತಾರೆ. ಗುಂಡಿ ತೋರಿಸಿ ಊರಿಗೆಲ್ಲ ಪ್ಯಾಂಟು ಮಾರಿದ ನನಗೇ ಗುಂಡಿ ತೋರಿಸಿ ಕಾರು ಮಾರುವ ಧೀರ ಇನ್ನೂ ಹುಟ್ಟಿಲ್ಲ ಎಂದು ನಾನು ಎದೆ ತಟ್ಟಿಕೊಂಡಿದ್ದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಈ ಕಥೆಯಲ್ಲಿ ನನ್ನ ಅಕ್ಕ ಸಾವಂತ್ರಮ್ಮ ಬರುತ್ತಾಳೆ. ಆಕೆ ಈಗಿಲ್ಲ. ಜೂನ್ ಮೊದಲ ವಾರದಲ್ಲಿ ಹೋದಳು. ಇದನ್ನು ಕೊನೆಯ ತನಕ ಬಚ್ಚಿಟ್ಟು ನಿಮ್ಮ ಕಣ್ಣಲ್ಲಿ ನೀರು ತರಿಸುವ ಕಳ್ಳಾಟ ನನಗೆ ಬೇಡ. ನನ್ನ ಪೆದ್ದುತನಕ್ಕೆ ಧಾರಾಳವಾಗಿ ನಗಿ. ನಾನೂ ನಿಮ್ಮ ಜೊತೆ ನಗುತ್ತೇನೆ. ನಡುನಡುವೆ ನಾನು ಕನ್ನಡಕ ಒರೆಸಿಕೊಳ್ಳಲು ನಿಂತರೆ ಸ್ವಲ್ಪ ತಾಳಿಕೊಳ್ಳಿ.

ಅಕ್ಕನ ಮನೆ ಸಿರುಗುಪ್ಪದಲ್ಲಿ. ಮಗ, ಸೊಸೆ, ಮೂವರು ಮೊಮ್ಮಕ್ಕಳು, ಎರಡು ಎಮ್ಮೆ, ಮೇಲೆ ದಿನಾ ಬಂದು ಹೋಗುವ ಅರ್ಧ ಓಣಿ. ತುಂಬಿದ ಮನೆ. ಆದರೆ ಆಕೆಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬಳ್ಳಾರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. “ಬಳ್ಳಾರಿಯಾಗ ನಮ್ಮ ಮನಿಯಾಗ ಇದ್ದುಬಿಡಕ್ಕ” ಎಂದರೆ, “ಎಮ್ಮಿ ನಿಮ್ಮ ಮೂರನೇ ಮಹಡಿ ಹತ್ತತಾವೇನಲೇ?” ಎಂದು ಕೇಳುತ್ತಿದ್ದಳು. ಹೀಗಾಗಿ ಕರೆತರುವುದು, ಬಿಟ್ಟುಬರುವುದು ನನ್ನ ಕೆಲಸ. ನನಗೆ ಆರು ವರ್ಷವಿದ್ದಾಗ ನಮ್ಮವ್ವ ತೀರಿಕೊಂಡಳು. ಆಗ ಹದಿನಾರರ ಹುಡುಗಿಯಾಗಿದ್ದ ಅಕ್ಕ ನನಗೆ ಉಣಿಸಿ, ಬಡಿದು, ಸಾಲೆಗೆ ಕಳಿಸಿ ಮನುಷ್ಯನನ್ನಾಗಿ ಮಾಡಿದಳು. ಎಷ್ಟು ಮಟ್ಟಿಗೆ ಮಾಡಿದಳು ಎಂಬುದನ್ನು ಮುಂದೆ ನೀವೇ ನೋಡುತ್ತೀರಿ.

ಇದು ಸಾಲದು ಎಂಬಂತೆ ಆಕೆಗೆ ಬೆನ್ನ ಮೇಲೆ ಸರ್ಪಸುತ್ತು ಎದ್ದಿತು. ಗುಳ್ಳೆಗಳು ಮಾಯ್ದವು, ಉರಿ ಮಾತ್ರ ಹೋಗಲಿಲ್ಲ. ಸೆರಗು ತಾಕಿದರೂ ಉರಿ, ಗೋಡೆಗೆ ಒರಗಿದರೂ ಉರಿ. ನನ್ನ ಹಳೆಯ ಕಾರಿನಲ್ಲಿ ಸಿರುಗುಪ್ಪದಿಂದ ಬಳ್ಳಾರಿಯವರೆಗೂ ಆಕೆ ಬೆನ್ನು ಸೀಟಿಗೆ ತಾಕದಂತೆ ಮುಂದಕ್ಕೆ ಬಾಗಿ, ಎದುರಿನ ಡ್ಯಾಶ್‌ಬೋರ್ಡು ಹಿಡಿದುಕೊಂಡು ಕೂರುತ್ತಿದ್ದಳು. ನೋಡಿದವರು ದಾರಿಯಲ್ಲಿ ಯಾರನ್ನೋ ಹುಡುಕುತ್ತಿದ್ದಾಳೆ ಅಂದುಕೊಳ್ಳಬೇಕು. ಹನ್ನೊಂದು ತಿಂಗಳು ಆಕೆ ಯಾವುದಕ್ಕೂ ಒರಗಿ ಕೂತದ್ದನ್ನು ನಾನು ನೋಡಲಿಲ್ಲ.

ಕಾರಿನ ಶೋರೂಮಿಗೆ ನಾನೂ ಮೀನಾಕ್ಷಿಯೂ ಹೋದದ್ದು ಒಂದು ಶುಕ್ರವಾರ. ಅಕ್ಕನ ಸರದಿಗೆ ಇನ್ನೂ ಒಂದು ಗಂಟೆ ಇತ್ತು, ಆಕೆಯನ್ನೂ ಕರೆದುಕೊಂಡೇ ಹೋದೆವು. ನನ್ನ ಜೇಬಿನಲ್ಲಿ ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿ! ಹಂಪೇಶ್ ಎಂಬ ಟೈ ಕಟ್ಟಿದ ಹುಡುಗ ನಗುನಗುತ್ತ ಬಂದ. ಮೈಮೇಲೆ ಕಾರು ಮಾರುವವರ ವೇಷ, ಬಾಯಲ್ಲಿ ಮಾತ್ರ ಅಪ್ಪಟ ನಮ್ಮೂರಿನ ಕನ್ನಡ. ನಾನು ಪಟ್ಟಿ ತೆಗೆದದ್ದು ನೋಡಿ ನಿಟ್ಟುಸಿರು ಬಿಟ್ಟ.

“ಕೇಳ್ರಿ ಸರ್. ಬಂದಾವ್ರೆಲ್ಲ ಮೊದಲು ಬ್ಯಾಟರೀನ ಕೇಳ್ತಾರ್ರಿ. ಆಮ್ಯಾಲ ತಗೊಳ್ಳೋದು ಬ್ಯಾರೇನ ನೋಡಿ.”

“ಅಂದ್ರ?”

“ಮೊನ್ನಿ ಕಂಪ್ಲಿಯಿಂದ ಒಬ್ರು ಬಂದಿದ್ರು. ಎರಡು ತಾಸು ಮೋಟಾರಿನ ಬಗ್ಗೆ ತಲಿ ತಿಂದ್ರು. ಕಡೀಕ, ಒಳಗಿನ ದೀಪದ ಬಣ್ಣ ಅವರ ಮನಿಯವ್ರ ಸೀರಿಗೆ ಹೊಂದತೈತಿ ಅಂತ ಬುಕ್ ಮಾಡಿ ಹೋದ್ರು. ಇನ್ನೊಬ್ರು ಚಹಾ ಕಪ್ ಇಡೋ ಜಾಗ ನೋಡಿ ತಗೊಂಡ್ರು. ಒಬ್ಬ ಡಾಕ್ಟರ್ ಅಂತೂ, ಬಾಗ್ಲದ ಹಿಡಿಕಿ ತಾನ ಹೊರಗ ಬರೋದನ್ನ ಹದಿನೇಳು ಸಲ ನೋಡಿದ್ರು. ಹದಿನೆಂಟನೇ ಸಲಕ್ಕ ಸಹಿ ಹಾಕಿದ್ರು ನೋಡ್ರಿ!”

ನಾನು ಗಹಗಹಿಸಿ ನಕ್ಕೆ. ಡಾಕ್ಟರಂತೆ, ಹಿಡಿಕೆಯಂತೆ! ಲೋಕದಲ್ಲಿ ಎಂಥೆಂಥ ಮೂರ್ಖರಿದ್ದಾರೆ ಎಂದು ಮರುಗಿ, ಕನ್ನಡಕ ಏರಿಸಿ, ಪ್ರಶ್ನೆ ನಂಬರ್ ಒಂದರಿಂದ ಶುರು ಮಾಡಿದೆ. ಎಂಟು ಮುಗಿದು ಒಂಬತ್ತನೆಯದನ್ನು ಓದುತ್ತಿದ್ದಾಗ ಅಕ್ಕನ ದನಿ ಕೇಳಿಸಿತು.

“ತಮ್ಮಾ, ನಿಂತು ನಿಂತು ಕಾಲು ಸೋತಾವು. ಇದ್ರಾಗ ಕುಂದರ್ಲೇನು?”

ಹಂಪೇಶ್ ಓಡಿಹೋಗಿ ಬಾಗಿಲು ತೆಗೆದು ಆಕೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಅಕ್ಕ ಎಂದಿನಂತೆ ಮುಂದಕ್ಕೆ ಬಾಗಿದಳು. ಹುಡುಗ ಪರದೆಯ ಮೇಲೆ ಏನನ್ನೋ ಒತ್ತಿದ. ಆ ಸೀಟಿನ ಒಳಗೇ ಸಣ್ಣ ಫ್ಯಾನುಗಳಿವೆಯಂತೆ, ಚರ್ಮದ ತುಂಬ ಸೂಜಿಮೊನೆಯಷ್ಟು ತೂತುಗಳಿವೆಯಂತೆ, ಅವುಗಳಿಂದ ತಂಪು ಗಾಳಿ ಬರುತ್ತದಂತೆ.

“ಅಯ್ಯೋ! ಯಾರೋ ಹಿಂದಿಂದ ಊದಾಕತ್ತಾರ!” ಎಂದು ಅಕ್ಕ ಬೆಚ್ಚಿ ತಿರುಗಿ ನೋಡಿದಳು.

“ಸೀಟ ಊದಾಕತ್ತೈತಿ ಅಮ್ಮಾ. ಒರಗ್ರಿ, ಏನ್ ಆಗಂಗಿಲ್ಲ.”

ಅಕ್ಕ ಒಂದು ಬೆರಳಿನಷ್ಟು ಹಿಂದೆ ಸರಿದಳು. ತಡೆದಳು. ಇನ್ನೊಂದು ಬೆರಳಿನಷ್ಟು ಸರಿದಳು. ಆಮೇಲೆ ಬೆನ್ನನ್ನು ಪೂರ್ತಿಯಾಗಿ ಸೀಟಿಗೆ ಕೊಟ್ಟು ಕಣ್ಣು ಮುಚ್ಚಿದಳು. ಆಕೆಯ ಮುಖದ ಮೇಲೆ ಹನ್ನೊಂದು ತಿಂಗಳಿಂದ ಗಂಟಿಕ್ಕಿಕೊಂಡಿದ್ದ ಹುಬ್ಬು ಸಡಿಲಾದದ್ದನ್ನು ನಾನು ನಿಂತಲ್ಲಿಂದಲೇ ಕಂಡೆ. “ನಮ್ಮವ್ವ ಬೆನ್ನಿಗೆ ಊದಿದಂಗ ಆಗತೈತೋ ಪ್ರಭು” ಎಂದಳು, ಕಣ್ಣು ತೆರೆಯದೆ.

ನಾನು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿದೆ.

“ಯಾವ್ಯಾವ ಬಣ್ಣ ಅದಾವಪ್ಪ?” ಎಂದು ಕೇಳಿದೆ.

“ಸರ್, ಇನ್ನ ಹದಿಮೂರು ಪ್ರಶ್ನೆ ಉಳದಾವಲ್ರಿ?”

“ಬಣ್ಣ ಹೇಳೋ ಮೊದಲು!”

ಹೀಗೆ ಬಟನ್ ತೋರಿಸಿ ಪ್ಯಾಂಟು ಮಾರಿದವನು ಒಂದೇ ಬಟನ್ನಿಗೆ ಮಣ್ಣುಮುಕ್ಕಿದ. ಹೊರಗೆ ಬಂದಮೇಲೆ ಮೀನಾಕ್ಷಿ ಮೆಲ್ಲಗೆ, “ಬ್ಯಾಟರಿ ಎಷ್ಟು ದೊಡ್ಡದೈತಿ ಅಂತ ಕೇಳಿದ್ರೇನು?” ಎಂದಳು. “ಇರತೈತಿ ಬಿಡು, ಎಲ್ಲೋ ಕೆಳಗ!” ಎಂದೆ. ಆಕೆ ನಕ್ಕು, ನನ್ನ ಅಂಗಿಯ ತೋಳು ಹಿಡಿದುಕೊಂಡು ನಡೆದಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು ಅನ್ನುವಂತಿತ್ತು ಆ ನಡಿಗೆ. ಅದನ್ನು ಕೆಡಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಜನವರಿಯಲ್ಲಿ ಕಾರು ಬಂತು. ನೀಲಿ ಬಣ್ಣ, ನಮ್ಮ ಜೀನ್ಸಿನದೇ ನೀಲಿ. ಸೀಟುಗಳ ಮೇಲೆ ಗಾಜಿನಂಥ ಪ್ಲಾಸ್ಟಿಕ್ ಕವರು. ಕಾರ್ಖಾನೆಯಿಂದ ಬಂದದ್ದು ಸಾಲದೆಂದು ನಾನೇ ಹೇಳಿ ದಪ್ಪನೆಯದನ್ನು ಇನ್ನೊಂದು ಪದರ ಹಾಕಿಸಿದ್ದೆ. ಬೀಗದ ಕೈ ಕೊಡುವಾಗ ಹಂಪೇಶ್ ಸೀಟಿನ ಮೂಲೆಗೆ ಕೈ ಹಾಕಿ, “ಇದನ್ನ ಹರದು ಕೊಡ್ಲೇನ್ರಿ ಸರ್?” ಎಂದ.

“ಕೈ ತಗಿ!” ನಾನು ಕೂಗಿದ ಕೂಗಿಗೆ ಅಕ್ಕಪಕ್ಕದ ಗಿರಾಕಿಗಳು ತಿರುಗಿ ನೋಡಿದರು.

“ಅಲ್ರಿ ಸರ್, ಕವರ್ ಇದ್ರ...”

“ಕವರಿನ ವಿಷಯ ನನಗ ಹೇಳಬ್ಯಾಡ!”

ನಿಜವಾಗಿಯೂ ಆ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಟಿ.ವಿ. ರಿಮೋಟು ಪ್ಲಾಸ್ಟಿಕ್ ಚೀಲದೊಳಗಿದೆ. ಒತ್ತಿದ್ದು ಐದು, ಹತ್ತುವುದು ಎಂಟು. ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಬಂದ ಹಾಳೆ ಒಂಬತ್ತು ವರ್ಷದಿಂದ ಅಲ್ಲೇ ಇದೆ. ಸೋಫಾದ ನಿಜವಾದ ಬಣ್ಣ ಯಾವುದು ಎಂದು ನಮ್ಮ ಮಗಳಿಗೆ ಇವತ್ತಿಗೂ ಗೊತ್ತಿಲ್ಲ, ಅವಳ ಮದುವೆಯೂ ಆಗಿಹೋಯಿತು! ಹೊಸದನ್ನು ಹೊಸದಾಗಿಯೇ ಇಡುವ ಈ ಚಾಳಿ ನನಗೆ ಅಕ್ಕನಿಂದಲೇ ಬಂದದ್ದು. ಸಣ್ಣವನಿದ್ದಾಗ ಆಕೆ ಕೊಡಿಸಿದ ಮೊದಲ ಜೋಡಿ ಚಪ್ಪಲಿಯನ್ನು ನಾನು ಕೈಯಲ್ಲಿ ಹಿಡಿದುಕೊಂಡು ಸಾಲೆಗೆ ಹೋಗುತ್ತಿದ್ದೆ. ಸವೆಯಬಾರದಲ್ಲ! ಅಕ್ಕ ಅದನ್ನು ಓಣಿಗೆಲ್ಲ ಹೇಳಿಕೊಂಡು ಹೆಮ್ಮೆಪಟ್ಟಿದ್ದಳು.

“ಕುರುಗೋಡಿನಾಗ ಪೂಜಿ ಆಗಲಿ, ಆಮ್ಯಾಲ ಕವರ್ ತಗದ್ರಾತು” ಎಂದು ಮೀನಾಕ್ಷಿಗೆ ಮಾತು ಕೊಟ್ಟೆ. ಮರುವಾರವೇ ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಗೆ ಹೋದೆವು. ಅಕ್ಕನಿಗೆ ಇಳಿದು ನಡೆಯಲು ಆಗಲಿಲ್ಲ. “ಅಷ್ಟು ದೊಡ್ಡ ಬಸವಣ್ಣ, ನಾ ಇಲ್ಲಿ ಕುಂತಿದ್ದು ಅವಗ ಕಾಣಂಗಿಲ್ಲೇನು? ನೀವು ಹೋಗಿ ಬರ್ರಿ” ಎಂದು ಕಾರಿನಲ್ಲೇ ಕೂತಳು. ಪೂಜೆ ಜೋರಾಯಿತು. ಗಾಲಿಗಳ ಕೆಳಗೆ ನಿಂಬೆಹಣ್ಣು, ಮುಂದೆ ಹೂವಿನ ಹಾರ, ಎಲ್ಲಾ ಕಡೆ ಕುಂಕುಮ. ಪೂಜಾರಿ ತೆಂಗಿನಕಾಯಿ ಒಡೆದ ರಭಸಕ್ಕೆ ಕಾಯಿಯ ನೀರು ತೆರೆದ ಬಾಗಿಲಿನಿಂದ ಒಳಗೆ ಹಾರಿ ಡ್ರೈವರ್ ಸೀಟಿನ ಮೇಲೆ ಹರಿಯಿತು. ನಾನು ಕರವಸ್ತ್ರದಿಂದ ಒಂದೇ ಸಲ ಒರೆಸಿದೆ. ಕಲೆ ಇಲ್ಲ!

“ನೋಡಿದೇನ್?” ಎಂದೆ ಮೀನಾಕ್ಷಿಗೆ, ಯುದ್ಧ ಗೆದ್ದವನಂತೆ. “ಕವರ್ ಇರಲಿಲ್ಲಂದ್ರ ಏನಾಗತಿತ್ತು?”

“ಸೀಟು ತೊಯ್ತಿತ್ತು. ಒಣಗತಿತ್ತು.”

ಆದರೆ ಗೆದ್ದವನಿಗೆ ಸೋತವರ ಮಾತು ಕೇಳಿಸುವುದಿಲ್ಲ. ಕವರು ಯುಗಾದಿಯವರೆಗೆ ಇರುವುದೆಂದು ತೀರ್ಮಾನವಾಯಿತು. ಯುಗಾದಿ ಬಂದಾಗ, ಮೊದಲ ಸರ್ವೀಸಿನವರೆಗೆ ಎಂದಾಯಿತು.

ಇತ್ತ ಮಂಗಳವಾರ ಶುಕ್ರವಾರ ಬಳ್ಳಾರಿ ಸಿರುಗುಪ್ಪ ಓಡಾಟ ನಡೆದೇ ಇತ್ತು. ಅಕ್ಕ ಹತ್ತಿ ಕೂತ ಕೂಡಲೇ ಗಾಳಿ ಶುರುವಾಗುವಂತೆ ಹಂಪೇಶನಿಂದ ಮಾಡಿಸಿಕೊಂಡಿದ್ದೆ. ಪರದೆಯ ಮೇಲೆ ಸೀಟಿನ ಚಿತ್ರ, ಅದರ ಬೆನ್ನಿಗೆ ಮೂರು ನೀಲಿ ಗೆರೆಗಳು. ಅವನ್ನು ನೋಡಿ ನನ್ನ ಎದೆ ಉಬ್ಬುತ್ತಿತ್ತು. ತೆಕ್ಕಲಕೋಟೆ ಬರುವುದರೊಳಗೆ ನಾಲ್ಕು ಸಲ ಕೇಳುತ್ತಿದ್ದೆ.

“ಗಾಳಿ ಬರಾಕತ್ತೈತೇನಕ್ಕ?”

“ಬರಾಕತ್ತೈತಪ್ಪ.”

“ತಂಪು ಐತೇನು?”

“ಭಾಳ ತಂಪೈತಿ. ನೀ ದಾರಿ ನೋಡು.”

ಹಳೆಯ ಕಾರಿನಲ್ಲಿ ಬಾಗಿ ಕೂರುತ್ತಿದ್ದ ಅಕ್ಕ ಈ ಕಾರಿನಲ್ಲಿ ಠೀವಿಯಿಂದ ಒರಗಿ ಕೂರುತ್ತಿದ್ದಳು. ನಾನು ಅದನ್ನು ಕೌಲ್ ಬಜಾರಿನ ತುಂಬ ಹೇಳಿಕೊಂಡು ತಿರುಗಿದೆ. ಹೊಸ ಕಾರು ಕೊಳ್ಳಲು ಹೊರಟವರು ಯಾರು ಸಿಕ್ಕರೂ ಹಿಡಿದು ನಿಲ್ಲಿಸಿ, “ಬ್ಯಾಟರಿ ಗೀಟರಿ ಬಿಡ್ರಿ, ಸೀಟು ನೋಡ್ರಿ ಸೀಟು!” ಎಂದು ಉಪದೇಶ ಮಾಡಿದೆ. ನನ್ನ ಮಾತು ಕೇಳಿ ಇಬ್ಬರು ಅದೇ ಕಾರು ಬುಕ್ ಮಾಡಿದರು.

ಮಾರ್ಚ್ ಕಳೆಯಿತು. ಬಳ್ಳಾರಿಯ ಬೇಸಿಗೆಯನ್ನು ನಾನು ಬಣ್ಣಿಸುವ ಅಗತ್ಯವಿಲ್ಲ. ಏಪ್ರಿಲ್ಲಿನ ಒಂದು ದಿನ ಅಕ್ಕನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿಕೊಳ್ಳಲು ಮೀನಾಕ್ಷಿ ಬಂದಿದ್ದಳು. ಅಕ್ಕನನ್ನು ಒಳಗೆ ಕಳಿಸಿ ನನ್ನ ಹತ್ತಿರ ಬಂದು ನಿಂತಳು.

“ರೀ, ಅಕ್ಕಾರ ಜಂಪರು ಬೆನ್ನ ಮ್ಯಾಲ ಹಿಂಡಿದ್ರ ನೀರು ಬರೋವಷ್ಟು ತೊಯ್ದೈತಿ. ಗಾಳಿ ಬರಾಕತ್ತಿದ್ರ ಹೆಂಗ ತೊಯ್ತೈತಿ?”

“ಅಕ್ಕನ ಹೇಳ್ಯಾಳ, ಬರಾಕತ್ತೈತಂತ!”

“ಅಕ್ಕಾರು ಹೇಳ್ತಾರ. ಜಂಪರು ಬ್ಯಾರೆ ಹೇಳಾಕತ್ತೈತಿ.”

ನನ್ನ ರಕ್ತ ಕುದಿಯಿತು. ಇಷ್ಟು ದೊಡ್ಡ ಕಾರು ಕೊಂಡು ಮೂರು ತಿಂಗಳಲ್ಲಿ ಫ್ಯಾನು ಕೆಟ್ಟಿತೇ! ನೇರ ಶೋರೂಮಿಗೆ ನುಗ್ಗಿದೆ. ಹಂಪೇಶ್ ಓಡಿಬಂದ, ಮೆಕ್ಯಾನಿಕ್ ಓಡಿಬಂದ, ಚಹಾ ತರುವವನೂ ಓಡಿಬಂದ. ಯಂತ್ರ ಹಚ್ಚಿ ನೋಡಿದರು. ಫ್ಯಾನು ತಿರುಗುತ್ತಿದೆ ಎಂದಿತು ಯಂತ್ರ. ಯಂತ್ರವೇ ಕೆಟ್ಟಿದೆ ಎಂದೆ ನಾನು!

“ಸರ್, ಒಂದ್ಮಾತು ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಆ ಕವರು...”

“ಮತ್ತ ಕವರು! ನಿನಗ ಕವರ್ ಬಿಟ್ರ ಬ್ಯಾರೆ ಮಾತ ಬರಂಗಿಲ್ಲೇನು? ಫ್ಯಾನ್ ಕೆಟ್ಟೈತಿ ಅಂತ ಒಪ್ಪಿಕೊ!”

ಹುಡುಗ ಜೇಬಿನಿಂದ ಪೆನ್ನು ತೆಗೆದ. ಪಾಪ, ಗಿರಾಕಿಯ ಜೊತೆ ವಾದ ಮಾಡಬಾರದೆಂದು ಅವನಿಗೆ ಹೇಳಿಕೊಟ್ಟಿದ್ದರೇನೋ. ಹೊಸ ಫ್ಯಾನು ತರಿಸುತ್ತೇವೆ ಎಂದು ಬರೆದುಕೊಂಡು ಕಳಿಸಿದರು. ನಾನು ಮೀಸೆ ತಿರುವುತ್ತ ಹೊರಬಂದೆ.

ಹೊಸ ಫ್ಯಾನು ಬರುವವರೆಗೆ ಅಕ್ಕನ ಬೆನ್ನು ಬೆವರಬಾರದಲ್ಲ? ನನ್ನ ತಲೆಗೆ ಒಂದು ಮಹಾ ಉಪಾಯ ಹೊಳೆಯಿತು. ಜೀನ್ಸು ಬೆವರು ಹೀರುತ್ತದೆ! ನಮ್ಮ ಯೂನಿಟ್ಟಿನ ದಪ್ಪ ಜೀನ್ಸ್ ಬಟ್ಟೆಯನ್ನೇ ಪ್ಲಾಸ್ಟಿಕ್ಕಿನ ಮೇಲೆ ಹೊಲಿಸಿ ತೊಡಿಸಿಬಿಟ್ಟರೆ? ಅಂದರೆ ಮೊದಲು ಚರ್ಮ, ಅದರ ಮೇಲೆ ಎರಡು ಪದರ ಪ್ಲಾಸ್ಟಿಕ್ಕು, ಅದರ ಮೇಲೆ ಜೀನ್ಸು, ಅದರ ಮೇಲೆ ಟರ್ಕಿ ಟವೆಲ್ಲು, ಎಲ್ಲದರ ಮೇಲೆ ಉರಿ ಬೆನ್ನಿನ ನನ್ನ ಅಕ್ಕ! ಪ್ರಪಂಚದಲ್ಲಿ ಪ್ಯಾಂಟು ಹಾಕಿಕೊಂಡ ಮೊದಲ ಸೀಟು ಅದಾಗುತ್ತಿತ್ತು.

ಮೇ ತಿಂಗಳ ಒಂದು ಬುಧವಾರ ಬಟ್ಟೆಯ ಸುರುಳಿ ಹಾಕಿಕೊಂಡು ಇನಾಯತನ ಅಂಗಡಿಗೆ ಹೋದೆ. ಕೌಲ್ ಬಜಾರಿನಲ್ಲಿ ಆಟೋ, ಲಾರಿಗಳಿಗೆ ಸೀಟು ಕಟ್ಟುವ ಇನಾಯತ್ ನನ್ನ ಹಳೆಯ ಪರಿಚಯದವನು. ಚಾಲೂ ಇದ್ದ ಕಾರಿನೊಳಗೆ ಅಕ್ಕನ ಸೀಟಿನ ಮೇಲೆ ಮೊಣಕಾಲೂರಿ, ಟೇಪು ಹಿಡಿದು ಅಳತೆ ತೆಗೆಯುತ್ತಿದ್ದವನು ನಡುವೆ ನಿಲ್ಲಿಸಿ, ಬಗ್ಗಿ ಕಿವಿಗೊಟ್ಟು ಕೇಳಿದ.

“ಸಾವ್ಕಾರ್ರೆ, ಇದು ಗಾಳಿ ಬರೋ ಸೀಟಲ್ಲೇನ್ರಿ?”

“ಹೌದು. ಆದ್ರ ಕೆಟ್ಟೈತಿ.”

“ಯಾರು ಹೇಳಿದ್ರು?”

“ನಾ ಹೇಳಾಕತ್ತೀನಲ್ಲ!”

ಇನಾಯತ್ ಟೇಪನ್ನು ಹೆಗಲಿಗೆ ಹಾಕಿಕೊಂಡ. ಪ್ಲಾಸ್ಟಿಕ್ಕಿನ ಅಂಚನ್ನು ಎರಡು ಬೆರಳಿನಿಂದ ಎತ್ತಿ ಹಿಡಿದ. “ಕೈ ಇಡ್ರಿ ಇಲ್ಲಿ” ಎಂದ. ಒಳಗೆ ಕೈ ತೂರಿಸಿದೆ. ತಂಪು! ಅಂಗೈಗೆ, ಬೆರಳ ಸಂದಿಗೆ, ಮಣಿಕಟ್ಟಿಗೆ ತಣ್ಣನೆಯ ಗಾಳಿ ಬಡಿಯಿತು. ಕೈ ಹೊರಗೆ ತೆಗೆದು ಪ್ಲಾಸ್ಟಿಕ್ಕಿನ ಮೇಲಿಟ್ಟೆ. ಕಾದ ಹೆಂಚು.

“ಸೀಟು ಚಲೋನ ಐತ್ರಿ. ಅದಕ್ಕ ಉಸಿರಾಡಾಕ ಜಾಗಾನ ಬಿಟ್ಟಿಲ್ಲ ನೀವು” ಎಂದ ಇನಾಯತ್. ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ನನ್ನ ಮುಖ ನೋಡಿ ಒಂದು ಸ್ಟೂಲು ಎಳೆದು ಹಾಕಿದ.

ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್. ಎಷ್ಟು ಮಂಗಳವಾರ, ಎಷ್ಟು ಶುಕ್ರವಾರ. ಹಳೆಯ ಕಾರಿನಲ್ಲಿ ಅಕ್ಕ ಬಾಗಿ ಕೂತಾದರೂ ಬೆನ್ನು ಕಾಪಾಡಿಕೊಳ್ಳುತ್ತಿದ್ದಳು. ಹೊಸ ಕಾರಿನಲ್ಲಿ ತಮ್ಮನ ಮನಸ್ಸು ನೋಯಬಾರದೆಂದು ಆ ಉರಿಯುವ ಬೆನ್ನನ್ನು ಕಾದ ಪ್ಲಾಸ್ಟಿಕ್ಕಿಗೆ ಒತ್ತಿಕೊಂಡು, ಒರಗಿ ಕೂತು, ತಂಪೈತಿ ಎಂದು ಹೇಳಿದ್ದಳು. ನಾನು ಪದೇಪದೇ ಕೇಳಿದ್ದೆ, ಆಕೆ ಪ್ರತಿ ಸಲವೂ ಹೇಳಿದ್ದಳು. ಕೌಲ್ ಬಜಾರಿನ ನಟ್ಟನಡುವೆ ಐವತ್ತಾರು ವರ್ಷದ ಜೀನ್ಸ್ ಸಾಹುಕಾರ ಬಿಕ್ಕಿ ಬಿಕ್ಕಿ ಅತ್ತ. ಇನಾಯತ್ ಅಂಗಡಿಯ ಪರದೆ ಎಳೆದ.

ಮನೆಗೆ ಬಂದು ಹೇಳಿದೆ. ಮೀನಾಕ್ಷಿ ಬೈಯಲಿಲ್ಲ, ನನಗೆ ಅದೇ ಹೆಚ್ಚು ಹೆದರಿಕೆಯಾಯಿತು. ಕತ್ತರಿ ಹಿಡಿದು ಕೆಳಗೆ ಇಳಿದಳು. ನಾನು ಹರಿಯಲು ಹೋಗಿ ಅಂಚು ಹಿಡಿದುಕೊಂಡೇ ನಿಂತೆ. ಇಷ್ಟು ತಿಳಿದಮೇಲೂ, ಕಲೆ ಇಲ್ಲದ ಆ ಹೊಸ ಪ್ಲಾಸ್ಟಿಕ್ಕನ್ನು ಹರಿಯಲು ಈ ದರಿದ್ರ ಕೈಗೆ ಸಂಕಟ! ಆಕೆ ನನ್ನನ್ನು ಪಕ್ಕಕ್ಕೆ ಸರಿಸಿ, ಎರಡೂ ಪದರವನ್ನು ಚರ್ರನೆ ಸೀಳಿ ಕೆಳಗೆ ಹಾಕಿದಳು. ಅದನ್ನು ಕಸಕ್ಕೆ ಎಸೆಯುವ ಧೈರ್ಯವೂ ನನಗಿಲ್ಲ. ಮಡಚಿ ಡಿಕ್ಕಿಯಲ್ಲಿಟ್ಟೆ.

ಶುಕ್ರವಾರ ಹತ್ತು ಗಂಟೆಗೇ ಸಿರುಗುಪ್ಪ ಮುಟ್ಟಿದೆ. ದಾರಿಯುದ್ದಕ್ಕೂ ಆ ಖಾಲಿ ಸೀಟಿನ ಮೇಲೆ ಒಂದು ಕೈ ಇಟ್ಟುಕೊಂಡೇ ಓಡಿಸಿದ್ದೆ. ಹಿಂದಿನ ಮಂಗಳವಾರದಿಂದ ಅಕ್ಕನಿಗೆ ಮೈ ಸರಿ ಇರಲಿಲ್ಲ ಎಂದು ಫೋನಿನಲ್ಲಿ ಕೇಳಿದ್ದೆ. ಆದರೆ ಆಕೆಯ ಮಗ ಎರಡೂ ತೋಳಲ್ಲಿ ಎತ್ತಿಕೊಂಡು ಬಂದದ್ದನ್ನು ನೋಡಿದಾಗ ಮೂರೇ ದಿನದಲ್ಲಿ ಇಷ್ಟು ಇಳಿದಳೇ ಅನ್ನಿಸಿತು. ಎತ್ತಿ ತಂದು ಸೀಟಿನಲ್ಲಿ ಕೂರಿಸಿದ. ಅಕ್ಕ ಸೀಟನ್ನು ಕೈಯಿಂದ ಸವರಿ ನೋಡಿ, ತೂತುಗಳ ಮೇಲೆ ಬೆರಳಾಡಿಸಿದಳು.

“ಕವರ್ ತಗದೀಯೇನಲೇ? ಹೊಲಸಾಗತೈತಲ್ಲೋ!”

“ಆಗ್ಲಿ ಬಿಡಕ್ಕ. ಇಷ್ಟು ದಿನ ಗಾಳಿ ಬರ್ತಾನ ಇರಲಿಲ್ಲ. ನೀ ಯಾಕ ಹೇಳಲಿಲ್ಲ?”

“ನೀ ಕೇಳಿ ನನ್ನ ಮಾರಿ ನೋಡತಿದ್ದೆಲ್ಲೋ. ಇಲ್ಲ ಅನ್ನಾಕ ಬಾಯಿ ಬರತಿರಲಿಲ್ಲ.”

ನಾನು ಗಾಡಿ ಚಾಲೂ ಮಾಡಿದೆ. ಪರದೆಯ ಮೇಲೆ ಮೂರು ನೀಲಿ ಗೆರೆ ಮೂಡಿದವು. ಗಾಳಿ ಬೀಸುವ ಸದ್ದು ಮೊದಲ ಸಲ ನನ್ನ ಕಿವಿಗೂ ಬಿತ್ತು. ಅಕ್ಕ ಒರಗಿದಳು, ಕಣ್ಣು ಮುಚ್ಚಿದಳು. ಹೊರಗೆ ನಲವತ್ಮೂರು ಡಿಗ್ರಿ ಬಿಸಿಲು, ಕೊಯ್ದು ಖಾಲಿಯಾದ ಭತ್ತದ ಗದ್ದೆಗಳು. ಈಗ 'ಹಾ' ಎನ್ನುತ್ತಾಳೆ, ಈಗ ಅವ್ವ ಊದಿದಂಗೈತಿ ಎನ್ನುತ್ತಾಳೆ ಎಂದು ನಾನು ಕಾದೆ. ತೆಕ್ಕಲಕೋಟೆ ದಾಟಿತು. ಗಾಳಿ ಬರಾಕತ್ತೈತೇನಕ್ಕ ಎಂದು ಕೇಳಲು ಈ ಸಲ ನನಗೆ ಧೈರ್ಯ ಬರಲಿಲ್ಲ.

“ಪ್ರಭು...”

“ಹೇಳಕ್ಕ!”

“ಥಂಡಿ ಹತ್ತೈತೋ. ಬಂದ್ ಮಾಡು.”

ತಿರುಗಿ ನೋಡಿದೆ. ಆಕೆಯ ತುಟಿ ನಡುಗುತ್ತಿತ್ತು. ತೋಳಿನ ಮೇಲೆ ಮುಳ್ಳೆದ್ದಿತ್ತು. ಉರಿ ಉರಿ ಎಂದು ಒಂದೂವರೆ ವರ್ಷ ನರಳಿದ ಮೈಯಲ್ಲಿ ಆ ಉರಿಗೂ ಬೇಕಾದಷ್ಟು ಬಿಸಿ ಉಳಿದಿರಲಿಲ್ಲ.

ಪರದೆಯ ಮೇಲೆ ಒತ್ತಿದೆ. ಗಾಳಿ ನಿಂತಿತು. ಮರುಕ್ಷಣ ಮತ್ತೆ ಶುರುವಾಯಿತು. ಅಕ್ಕ ಕೂತರೆ ಸಾಕು, ತಾನಾಗಿ ಶುರುವಾಗುವಂತೆ ಮಾಡಿಸಿದವನು ನಾನೇ ಅಲ್ಲವೇ! ಮತ್ತೆ ಒತ್ತಿದೆ. ಕಣ್ಣು ಮಂಜಾಗಿ ಯಾವ ಚಿತ್ರ ಎಲ್ಲಿದೆ ಎಂದೇ ಕಾಣಲಿಲ್ಲ. ಒಂದು ಒತ್ತಿದರೆ ಹಾಡು ಬಂತು. ಇನ್ನೊಂದು ಒತ್ತಿದರೆ ಉರಿಬಿಸಿಲಿನಲ್ಲಿ ವೈಪರು ಓಡಾಡಿತು. ಮತ್ತೊಂದು ಒತ್ತಿದರೆ ನನ್ನ ಸೀಟು ನನ್ನನ್ನು ಹೊತ್ತುಕೊಂಡು ಹಿಂದೆ ಹಿಂದೆ ಸರಿಯಿತು. ಹಂಪೇಶನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಷ್ಟು ನಡುಗುತ್ತಿದ್ದ ಅಕ್ಕನಿಗೂ ನನ್ನ ಅವಸ್ಥೆ ನೋಡಿ ಒಂದಿಷ್ಟು ನಗು ಬಂತು.

ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಡಿಕ್ಕಿ ತೆಗೆದೆ. ಮಡಚಿಟ್ಟಿದ್ದ ಆ ಪ್ಲಾಸ್ಟಿಕ್ಕನ್ನು ಬಿಸಿಲಿಗೆ ಹಿಡಿದು ಬೆಚ್ಚಗೆ ಮಾಡಿದೆ. ನಾಲ್ಕು ಪದರ ಮಾಡಿ, ಅಕ್ಕನನ್ನು ನನ್ನ ಹೆಗಲಿಗೆ ಒರಗಿಸಿಕೊಂಡು, ಸೀಟಿನ ತೂತುಗಳೆಲ್ಲ ಮುಚ್ಚುವಂತೆ ಆಕೆಯ ಬೆನ್ನ ಹಿಂದೆ ನಾನೇ ನನ್ನ ಕೈಯಾರೆ ಹಾಸಿದೆ.

ಅಕ್ಕ ಮೆಲ್ಲಗೆ ಒರಗಿದಳು. ಪ್ಲಾಸ್ಟಿಕ್ಕು ಚರಚರ ಎಂದಿತು.

“ಹಾಂ, ಈಗ ಬೆಚ್ಚಗಾತು ನೋಡು” ಎಂದಳು. “ಭಾಳ ಚಲೋ ಕಾರು ತಗೊಂಡಿಯೋ ಪ್ರಭು.”